ಕೆಂಪು ಕಲ್ಲಿನ ಗುಂಡಿ

ಮೆಟ್ಟಿಲ ಮೇಲಿಂದ ಬಿದ್ದ ವಾದ್ಯಕ್ಕೆ ಏಳು ಕಡೆ ಒಂದೇ ಉದ್ದದ ಗಾಯ ಆಗುವುದಿಲ್ಲ. ಅಷ್ಟು ತಿಳಿವಳಿಕೆ ನನಗಿದೆ. ಆದರೆ ಕೆಂಡಲ್ ಪಾರ್ಕ್ ಎಂಬ ಊರಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಅಕಾರ್ಡಿಯನ್ ಪೆಟ್ಟಿಗೆಯ ಮುಚ್ಚಳ ತೆರೆದು ನಿಂತ ಆಂಟಿ ಹೇಳಿದ್ದು ಹಾಗೇ.

"ಸ್ಟೇರ್ಸ್ ಮೇಲಿಂದ ಬಿದ್ದುಬಿಡ್ತಮ್ಮ. ಸೆವೆನ್ ವೀಕ್ಸ್ ಟೈಮ್ ಇದೆ. ರಿಪೇರಿ ಆಗುತ್ತಾ?"

ನಾನು ತಿದಿಯನ್ನು ಬಿಡಿಸಿ ನೋಡಿದೆ. ಯಾರೋ ಮಡಿಕೆಗಳೊಳಗೆ ಚಾಕು ಇರಿದು ಕೆಳಕ್ಕೆ ಎಳೆದಿದ್ದರು. ಒಂದು ಮೂಲೆ ಒಡೆದಿತ್ತು, ಬೆರಳಿಡುವ ಮೂರು ಬಿಳಿ ಮನೆಗಳು ಮುರಿದಿದ್ದವು. ಆಂಟಿಯ ಎಡ ಮಣಿಕಟ್ಟಿನ ಮೇಲೆ ಹಳದಿಗೆ ತಿರುಗಿದ ಬಾಸುಂಡೆ ಇತ್ತು. ನಾನು ಅದನ್ನು ನೋಡಿದ್ದನ್ನು ಅವರೂ ನೋಡಿದರು, ಸ್ವೆಟರ್ ತೋಳನ್ನು ಕೆಳಗೆಳೆದುಕೊಂಡರು.

ಆಂಟಿ ಎಂದರೆ ನಮ್ಮ ಕನ್ನಡ ಕೂಟದವರಿಗೆಲ್ಲ ಆಂಟಿ. ಹುಟ್ಟಿದ್ದು ಇಲ್ಲೇ, ನ್ಯೂಯಾರ್ಕ್ ಬಂದರಿನ ಈಚೆ ದಡದ ಬಯೋನ್ ಊರಿನ ಇಟಾಲಿಯನ್ ಮನೆಯಲ್ಲಿ. ಮದುವೆಯಾದದ್ದು ಮೈಸೂರಿನ ಭೌತಶಾಸ್ತ್ರದ ಮೇಷ್ಟ್ರನ್ನು. ಅತ್ತೆಯ ಜೊತೆ ಎರಡು ವರ್ಷ ಇದ್ದು ಕನ್ನಡ, ಬಿಸಿಬೇಳೆಬಾತು, ದೇವರನಾಮ ಮೂರನ್ನೂ ಕಲಿತು ಬಂದವರು. ಮೇಷ್ಟ್ರು ತೀರಿಕೊಂಡ ಮೇಲೆ ತೊಂಬತ್ತೈದರ ಅಪ್ಪನನ್ನು ನೋಡಿಕೊಳ್ಳಲು ಬಯೋನಿನ ಮನೆಗೆ ವಾಪಸು ಹೋಗಿದ್ದರು. ಎಪ್ಪತ್ತೊಂದರಲ್ಲೂ ಕೂಟದ ಕಾರ್ಯಕ್ರಮಗಳಲ್ಲಿ ಹಾಡುತ್ತಾರೆ, ನಾನು ಹಾರ್ಮೋನಿಯಂ ಹಿಡಿಯುತ್ತೇನೆ. ಒಂದೇ ತೊಂದರೆ. ಎಲ್ಲಾದರೂ ಒಂದು ಮಾತು ಮರೆತರೆ ಕುತ್ತಿಗೆಯನ್ನು ಒಳಗೆಳೆದುಕೊಂಡು, ಭುಜ ಮೇಲೆತ್ತಿ ಕಣ್ಣು ಮುಚ್ಚಿಬಿಡುತ್ತಾರೆ. ಹಾಡು ಅಲ್ಲಿಗೇ ಮುಗಿಯಿತು. ನಾವು ಚಪ್ಪಾಳೆ ತಟ್ಟಿ ಕಳಿಸುತ್ತಿದ್ದೆವು, ಪಾಪ ವಯಸ್ಸಾಯಿತು ಎಂದುಕೊಂಡು.

ಅಕಾರ್ಡಿಯನ್ ಅವರ ಅಪ್ಪನದು. ಎಂಟನೆಯ ವಯಸ್ಸಿಗೇ ಒಂದು ಚಿಕ್ಕ ಅಕಾರ್ಡಿಯನ್ ಹೆಗಲಿಗೇರಿಸಿದವರು, ಮದುವೆ ಮನೆಗಳಲ್ಲಿ ನುಡಿಸಿ, ಹಾಡು ಕಟ್ಟಿ, ಇಪ್ಪತ್ತೈದು ತುಂಬುವ ಮೊದಲೇ ಮ್ಯಾನ್‌ಹಟನ್ನಿನ ಸ್ಟುಡಿಯೋ ಸೇರಿದವರು. ಟೀವಿ ಇನ್ನೂ ಕಪ್ಪುಬಿಳುಪಾಗಿದ್ದ ಕಾಲ. ಹನ್ನೊಂದು ಜನರ ಬ್ಯಾಂಡ್, ವಾರಕ್ಕೊಮ್ಮೆ ನೇರಪ್ರಸಾರ, ನಡುವೆ ನಗುತ್ತ ನಿಂತ ಇವರು. ಈಗ ಬಯೋನಿನ ಲೈಬ್ರರಿಯವರು ಒಂದು ಶನಿವಾರ ಮಧ್ಯಾಹ್ನ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಅಪ್ಪ ನುಡಿಸಬೇಕು, ಮಗಳು ಹಾಡಬೇಕು. ಹಾಡು ಆಂಟಿ ಆರು ವರ್ಷದವರಿದ್ದಾಗ ಅಪ್ಪ ಅವರಿಗೆಂದೇ ಬರೆದದ್ದು. ಬಂದರಿನ ದೋಣಿಗಳ ದೀಪ ಎಣಿಸುವ ಪುಟ್ಟ ಹುಡುಗಿಯ ಇಂಗ್ಲಿಷ್ ಹಾಡು. ಮೂರು ಚರಣ. ಮೂರನೆಯದರಲ್ಲಿ ಹುಡುಗಿ ಮನೆ ಮುಟ್ಟುತ್ತಾಳೆ.

"ಮೂರನೇ ಚರಣ ನಾನು ಯಾವತ್ತೂ ಹಾಡಿಲ್ಲ," ಎಂದರು ಆಂಟಿ. "ಒನ್ಸ್, ಜಸ್ಟ್ ಒನ್ಸ್, ಕೊನೇ ತನಕ ಹಾಡಬೇಕು ಅಂತ ಆಸೆ."

ಯಾಕೆ ಹಾಡಿಲ್ಲ ಎಂದು ಕೇಳಬೇಕಿತ್ತು. ನನ್ನ ಕಣ್ಣು ವಾದ್ಯದ ಮೇಲಿತ್ತು, ಕೇಳಲಿಲ್ಲ.

ನನ್ನ ವಿಷಯ ಇಷ್ಟೇ. ವಾರದ ಐದು ದಿನ ಬ್ರಿಡ್ಜ್‌ವಾಟರಿನ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಮಾತ್ರೆ ತೂಗುತ್ತೇನೆ. ಶನಿವಾರ ಭಾನುವಾರ ಗ್ಯಾರೇಜಿನಲ್ಲಿ ಹಾರ್ಮೋನಿಯಂ ರಿಪೇರಿ. ಧಾರವಾಡದಲ್ಲಿ ನಮ್ಮಪ್ಪ ನಾಟಕ ಕಂಪನಿಗಳ ಕಾಲಪೆಟ್ಟಿಗೆ, ಅಂದರೆ ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ, ರಿಪೇರಿ ಮಾಡುತ್ತಿದ್ದರು, ಕೆಲಸ ಕಲಿಸಿದ್ದು ಅವರು. ಹೇಗೆ ಕಲಿಸಿದರು ಎಂಬುದಕ್ಕೆ ನನ್ನ ಬಲಗೈ ತೋರುಬೆರಳ ಗಿಣ್ಣು ಸಾಕ್ಷಿ. ಶ್ರುತಿ ತಪ್ಪಿದರೆ ಲೋಹ ಉಜ್ಜುವ ಅರದ ಬೆನ್ನಿನಿಂದ ಗಿಣ್ಣಿಗೆ ಒಂದೇಟು. ಒಂದು ಮನೆಗೆ ಎರಡು ರೀಡು, ಗಾಳಿಗೆ ಮಿಡಿಯುವ ಲೋಹದ ನಾಲಗೆ, ಇದ್ದರೆ ಅವು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಒಂದೇ ದನಿಯಾಗಬೇಕು. "ಎರಡು ನಾಲಿಗಿ ಇದ್ರೂ ಮಾತು ಒಂದ ಇರಬೇಕು" ಎನ್ನುತ್ತಿದ್ದರು, ಹೊಡೆದಾದ ಮೇಲೆ. ಗಿಣ್ಣು ಇಂದಿಗೂ ಸೊಟ್ಟ. ಕಿವಿ ಮಾತ್ರ ನೆಟ್ಟಗಿದೆ ಎಂಬ ಜಂಬ ನನಗೆ ಆ ತನಕ ಇತ್ತು.

ಮೊದಲ ಎರಡು ವಾರ ತಿದಿಗೇ ಹೋಯಿತು. ಸುತ್ತಲಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಗುರುತು ಹಾಕಿ, ತಿದಿಯನ್ನು ಬೇರೆ ಮಾಡಿದೆ. ಸೀಳಿದ ಮಡಿಕೆಗಳಿಗೆ ಒಳಗಿಂದ ಬಟ್ಟೆ, ಹೊರಗಿಂದ ತೆಳು ಚರ್ಮ, ನಡುವೆ ಬಿಸಿ ಸರೇಸಿನ ಅಂಟು. ಏಳು ಗಾಯ. ಆರನೆಯದಕ್ಕೆ ಬರುವ ಹೊತ್ತಿಗೆ ಮೊದಲನೆಯದು ಬಿರಿಯಿತು, ಗ್ಯಾರೇಜಿನ ಚಳಿಗೆ ಸರೇಸು ಸರಿಯಾಗಿ ಹಿಡಿದಿರಲಿಲ್ಲ. ಸಿಟ್ಟಿಗೆ ಸರೇಸಿನ ಬಟ್ಟಲನ್ನು ಗೋಡೆಗೆ ಎಸೆದೆ. ಬಾಗಿಲಿಗೆ ಬಂದ ಗಂಡ ಗೋಡೆ ನೋಡಿ, ನನ್ನನ್ನು ನೋಡಿ, "ನಿಮ್ಮಪ್ಪಾರು ಬಂದಾರೇನ?" ಎಂದು ಕೇಳಿ ಒಳಗೆ ಹೋದ. ಆಮೇಲೆ ಅವನೇ ಹೀಟರ್ ತಂದಿಟ್ಟ.

ಎಡಗೈ ಕಡೆಯ ನೂರಿಪ್ಪತ್ತು ಗುಂಡಿಗಳನ್ನು ಒರೆಸುವಾಗ ಒಂದು ವಿಚಿತ್ರ ಕಂಡಿತು. ನುಡಿಸುವವನಿಗೆ ಆ ಗುಂಡಿಗಳು ಕಾಣುವುದಿಲ್ಲ, ಬೆರಳಿಗೆ ದಾರಿ ಸಿಗಲೆಂದು ನಡುವಿನ ಎರಡು ಮೂರು ಗುಂಡಿಗಳ ತಲೆಗೆ ಚಿಕ್ಕ ಬಿಳಿ ಕಲ್ಲು ಕೂರಿಸಿರುತ್ತಾರೆ. ಇದರಲ್ಲಿ ಅವಲ್ಲದೆ ಹೊರಗಿನ ಕಟ್ಟಕಡೆಯ ಸಾಲಿನಲ್ಲೊಂದು ಕೆಂಪು ಕಲ್ಲು. ಆ ಗುಂಡಿ ಒತ್ತಿದರೆ ಮೂರು ಸ್ವರ ಒಟ್ಟಿಗೆ ಕಿರುಚುತ್ತವೆ, ಹಲ್ಲು ಜುಮ್ಮೆನ್ನುವಂಥ ಸ್ವರಮೇಳ. ಹಾಡಿನಲ್ಲಿ ಅದರ ಬಳಕೆ ತೀರ ಕಡಿಮೆ. ಆದರೂ ಉಳಿದೆಲ್ಲ ಗುಂಡಿಗಳಿಗಿಂತ ಅದೇ ಹೆಚ್ಚು ಸವೆದಿತ್ತು. ಮುದುಕರ ಖಯಾಲಿ ಎಂದುಕೊಂಡು ಮುಂದೆ ಹೋದೆ.

ಆಮೇಲೆ ಶ್ರುತಿ. ಬಲಗಡೆ ನಲವತ್ತೊಂದು ಮನೆ, ಪ್ರತಿ ಮನೆಗೂ ಜೋಡಿ ರೀಡು. ಪರೀಕ್ಷೆ ಮಾಡಿದರೆ ಒಂದು ಜೋಡಿಯೂ ಹೊಂದುತ್ತಿರಲಿಲ್ಲ. ಒಂದು ರೀಡು ಸರಿ, ಜೊತೆಯದು ತುಸು ಏರು, ಎರಡೂ ಸೇರಿ ದನಿ ಅಲೆ ಅಲೆಯಾಗಿ ನಡುಗುತ್ತಿತ್ತು. ಎಪ್ಪತ್ತು ವರ್ಷದ ತುಕ್ಕು, ಮೇಲೆ ಚಾಕು, ಇನ್ನೇನಾದೀತು? ಏರಾಗಿದ್ದ ಸಾಲನ್ನು ಹಿಡಿದು ಕೂತೆ. ಒಳಗೆಳೆವ ಗಾಳಿಗೊಂದು ನಾಲಗೆ, ಹೊರಹೋಗುವ ಗಾಳಿಗೊಂದು, ಒಟ್ಟು ಎಂಬತ್ತೆರಡು. ಬುಡದಲ್ಲಿ ಅರ ಆಡಿಸಿದರೆ ಸ್ವರ ಇಳಿಯುತ್ತದೆ. ಆಡಿಸಿದೆ, ಊದಿದೆ, ಕೇಳಿದೆ, ಮತ್ತೆ ಆಡಿಸಿದೆ. ಜೇನುಮೇಣ, ರಾಳ ಕರಗಿಸಿ ರೀಡುಗಳನ್ನು ಕೂರಿಸಿದೆ. ಎರಡನೆಯ ಭಾನುವಾರ ಮಧ್ಯಾಹ್ನ ಪೂರ್ತಿ ವಾದ್ಯ ಜೋಡಿಸಿ ಸಾ ಹಿಡಿದಾಗ ದನಿ ಗೀರು ಎಳೆದಂತೆ ನೆಟ್ಟಗೆ ನಿಂತಿತು. ನಮ್ಮಪ್ಪ ಇದ್ದಿದ್ದರೆ ಹೊಡೆಯಲು ಒಂದು ಕಾರಣ ಸಿಗುತ್ತಿರಲಿಲ್ಲ.

ಮುಂದಿನ ಶನಿವಾರ ಬಯೋನಿಗೆ ತೆಗೆದುಕೊಂಡು ಹೋದೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವರು ಶರ್ಟು, ಟೈ ಕಟ್ಟಿಕೊಂಡು ಕೂತಿದ್ದರು. ಗೋಡೆಯ ತುಂಬ ಫೋಟೋಗಳು. ಒಂದರಲ್ಲಿ ಗರಿಗರಿ ಫ್ರಾಕು ತೊಟ್ಟ ಚಿಕ್ಕ ಹುಡುಗಿ ಮೈಕಿನ ಮುಂದೆ ನಿಂತಿದ್ದಳು. ಭುಜ ಮೇಲಕ್ಕೆ, ಕುತ್ತಿಗೆ ಒಳಕ್ಕೆ.

ಮುದುಕರು ಹೆಗಲಪಟ್ಟಿಗೆ ತೋಳು ತೂರಿಸಿ ತಿದಿ ಎಳೆದರು. ನಾಲ್ಕು ಸ್ವರ ನುಡಿಸಿದರು. ನಿಲ್ಲಿಸಿದರು. ಮತ್ತೆ ಅದೇ ನಾಲ್ಕು.

ಅಲೆ ಎಲ್ಲಿ, ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನನಗೆ ಅರ್ಥವಾಗಲಿಲ್ಲ. ರೀಡುಗಳು ಹೊಂದುತ್ತಿರಲಿಲ್ಲ, ಹೊಂದಿಸಿದ್ದೇನೆ, ಎಂದೆ. ಹೆಮ್ಮೆಯಿಂದಲೇ ಅಂದೆ. ಆಗ ಆಂಟಿಯ ಬಾಯಿಂದ ತಿಳಿಯಿತು, ಅಕಾರ್ಡಿಯನ್ನಿನಲ್ಲಿ ಜೊತೆ ರೀಡನ್ನು ಬೇಕೆಂದೇ ತುಸು ಏರಿಸಿರುತ್ತಾರೆ. ಆ ನಡುಕವೇ ಅದರ ದನಿ. ಇವರ ನಡುಕ ಇವರೇ ಹುಡುಕಿಕೊಂಡದ್ದು, ಆ ದನಿಯಿಂದಲೇ ಜನ ಇವರನ್ನು ಗುರುತಿಸುತ್ತಿದ್ದರು. ಹಾರ್ಮೋನಿಯಂ ಮನೆಯಲ್ಲಿ ಹುಟ್ಟಿದ ನಾನು ಅದನ್ನು ರೋಗ ಎಂದುಕೊಂಡು ಎರಡು ವಾರ ಕೂತು ಅರದಿಂದ ತಿಕ್ಕಿ ತಿಕ್ಕಿ ತೆಗೆದಿದ್ದೆ.

ಕ್ಷಮೆ ಕೇಳಲು ಬಾಯಿ ತೆರೆದೆ. ಪಕ್ಕದ ಮೇಜಿನ ಮೇಲೆ ತಾಳ ತೋರಿಸುವ ಮರದ ಯಂತ್ರ ಇತ್ತು, ಹಿತ್ತಾಳೆಯ ತಳದ್ದು. ತೊಂಬತ್ತೈದರ ಕೈಯಲ್ಲಿ ಅಷ್ಟು ಜೋರಿದೆ ಎಂದು ಯಾರು ಊಹಿಸುತ್ತಾರೆ? ಅದು ಬಂದು ನನ್ನ ಎಡಹುಬ್ಬಿನ ಮೇಲೆ ಬಿತ್ತು. ಕಣ್ಣಿನ ತುಂಬ ಬಿಸಿ ರಕ್ತ. ಇಲ್ಲಿಯವರೆಗೆ ಆ ಮುದುಕನನ್ನು ಅವರು ಎಂದೆ, ಇನ್ನು ನನ್ನಿಂದಾಗದು. ಅವನು ಕೂತಲ್ಲಿಂದಲೇ ಊರುಗೋಲನ್ನೂ ಎತ್ತಿದ್ದ. ನನ್ನ ಪಿತ್ತ ನೆತ್ತಿಗೇರಿತು. ನೆಲದಲ್ಲಿ ಬಿದ್ದಿದ್ದ ಯಂತ್ರವನ್ನು ಎತ್ತಿಕೊಂಡೆ. ಅವನ ತಲೆ ನನ್ನಿಂದ ಎರಡು ಮೊಳ ದೂರದಲ್ಲಿತ್ತು. ಹೊಡೆಯುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಖಂಡಿತ ಹೊಡೆಯುತ್ತಿದ್ದೆ.

ಆಂಟಿ ಹಿಂದಿನಿಂದ ನನ್ನ ಎರಡೂ ತೋಳು ತಬ್ಬಿ ಹಿಡಿದರು. "ಬೇಡಮ್ಮ, ಬೇಡ. ನೀನು ಅವನಾಗಬೇಡ."

ಆಸ್ಪತ್ರೆಗೆ ಕಾರು ಆಂಟಿ ಡ್ರೈವ್ ಮಾಡಿದರು. ನಾನು ಹುಬ್ಬಿಗೆ ಟವೆಲ್ ಒತ್ತಿಕೊಂಡಿದ್ದೆ. ಸಿಗ್ನಲ್ಲಿನಲ್ಲಿ ನಿಂತಾಗ ಅವರು ರಸ್ತೆ ನೋಡುತ್ತಲೇ ಹೇಳಿದರು.

"ಚಾಕು ತಂದದ್ದು ನಾನು."

"ಗೊತ್ತ್ರಿ ಆಂಟಿ. ಬಿದ್ದ ಗಾಯ ಹಂಗ ಇರೂದಿಲ್ಲ. ಯಾಕಂತ ಗೊತ್ತಿಲ್ಲ."

"ಆ ಕೆಂಪು ಕಲ್ಲಿನ ಗುಂಡಿ ನೋಡಿದ್ಯಾ? ಅದು ಸಿಗ್ನಲ್. ಲೈವ್ ಶೋ ಅಲ್ವಾ, ಬೈಯೋ ಹಾಗಿಲ್ಲ. ಬ್ಯಾಂಡಲ್ಲಿ ಯಾರಾದ್ರೂ ತಪ್ಪಿದ್ರೆ ಅಪ್ಪ ಅವರ ಕಡೆ ತಿರುಗಿ, ನಗ್ತಾನೇ ಆ ಗುಂಡಿ ಒತ್ತೋದು. ಒಂದೇ ಸಲ. ನೋಡೋರಿಗೆ ಅದು ಮ್ಯೂಸಿಕ್. ನಮಗೆ ಅದರರ್ಥ, ಶೋ ಆದ್ಮೇಲೆ ನಿನಗಿದೆ. ಟ್ರಂಪೆಟ್ ಊದೋನಿಗೆ ಒಂದು ಸಲ ಅದೇ ಟ್ರಂಪೆಟ್ನ ಬಾಯಿಗೆ ಗುದ್ದಿದ, ಎರಡು ಹಲ್ಲು ಹೋಯ್ತು. ಶೋ ನಿಂತದ್ದು ಆಮೇಲೇ. ನನಗೆ ಬೆಲ್ಟ್. ಹಾಡ್ತಾ ಹಾಡ್ತಾ ಒಂದು ಮಾತು ಮರೀತಿದ್ದೆ, ಆ ಗುಂಡಿ ಕೇಳ್ತಿತ್ತು, ಅಲ್ಲಿಗೆ ನನ್ನ ಹಾಡು ಕ್ಲೋಸ್."

ಹಿಂದಿನ ಕಾರು ಹಾರ್ನ್ ಮಾಡಿತು. ಆಂಟಿ ಮುಂದೆ ಬಿಟ್ಟರು.

"ಲಾಸ್ಟ್ ಮಂತ್ ಪ್ರಾಕ್ಟೀಸ್ ಮಾಡ್ತಿದ್ವಿ. ಎರಡನೇ ಚರಣದಲ್ಲಿ ತಪ್ಪಿದೆ. ಒತ್ತಿದ. ಎಪ್ಪತ್ತೊಂದು ವರ್ಷ ನನಗೆ, ನಿಂತಲ್ಲೇ ಸೀರೆ ಒದ್ದೆ ಆಯ್ತು ಕಣಮ್ಮ. ಅಡುಗೆಮನೆಗೆ ಹೋದೆ, ಬ್ರೆಡ್ ಕೊಯ್ಯೋ ಚಾಕು ತಂದೆ. ಅವನ ಎದೇ ಮೇಲೇ ಇತ್ತು ಅಕಾರ್ಡಿಯನ್. ನಾನು ಯಾವುದನ್ನ ಇರೀತಿದ್ದೆ ಅಂತ ನನಗೇ ಸರಿಯಾಗಿ ಗೊತ್ತಿಲ್ಲ. ಆಮೇಲೆ ಕೋಲಿಂದ ಹೊಡೆದ."

ಹುಬ್ಬಿಗೆ ಐದು ಹೊಲಿಗೆ ಬಿತ್ತು. ಮನೆಯಲ್ಲಿ ಗಂಡ ಕುದಿಯುತ್ತಿದ್ದ. "ಪೊಲೀಸರಿಗೆ ಫೋನ್ ಹಚ್ಚತೇನಿ ನಾ. ಹಣಿ ಒಡದಾನ, ಇನ್ನೂ ಅವನ ಪೆಟ್ಟಿಗಿ ಮನ್ಯಾಗ ಇಟಗೋತಿಯೇನ?" ಆಂಟಿ ಕಾರಿಗೆ ಎತ್ತಿಟ್ಟಿದ್ದರಿಂದ ಪೆಟ್ಟಿಗೆ ನನ್ನ ಜೊತೆ ವಾಪಸು ಬಂದಿತ್ತು. ಸುತ್ತಿಗೆ ತೆಗೆದುಕೊಂಡು ಅದನ್ನು ಪುಡಿ ಮಾಡುವ ಆಸೆ ನನಗೂ ಇತ್ತು. ಪೊಲೀಸರಿಗೆ ಹೇಳೋಣವೇ ಎಂದು ಆಂಟಿಗೆ ಫೋನ್ ಮಾಡಿ ಕೇಳಿದೆ.

"ಆ ಹಾಡು ಮುಗಿಲಿ. ಆಮೇಲೆ ನಾನು ಆ ಮನೇಲಿ ಇರಲ್ಲ, ಅವನನ್ನ ಸೇರಿಸೋಕೆ ನರ್ಸಿಂಗ್ ಹೋಮ್‌ಗೆ ಮಾತಾಡಿದೀನಿ. ಆದರೆ ಆ ಅಲೆ ಇಲ್ಲದೆ ನಾನು ಹಾಡೋದು ಹೇಗೆ? ಆ ದನಿ ನನಗೂ ಇಷ್ಟ ಕಣಮ್ಮ. ಅದೇ ಕಷ್ಟ."

ಹಾಗಾಗಿ ಮತ್ತೆ ಕೂತೆ. ತಪ್ಪು ನನ್ನದು, ಮಾಡಿದ್ದುಣ್ಣೋ ಮಹಾರಾಯ. ಈಗ ತುದಿಯಲ್ಲಿ ಅರ ಆಡಿಸಿ ಸ್ವರ ಏರಿಸಬೇಕು. ಬುಡ ಆಗಲೇ ಸವೆದಿದೆ, ತುದಿಯೂ ಸವೆದರೆ ನಾಲಗೆ ಮುರಿಯುತ್ತದೆ. ಮೂರು ಮುರಿದವು, ಉಕ್ಕಿನ ಪಟ್ಟಿ ಕತ್ತರಿಸಿ ಹೊಸದು ಮಾಡಿದೆ. ಎಷ್ಟು ಏರಿಸಬೇಕು ಎಂಬುದಕ್ಕೆ ಬರೆದಿಟ್ಟ ಲೆಕ್ಕ ಎಲ್ಲೂ ಇರಲಿಲ್ಲ. ಇದ್ದದ್ದು ಆಂಟಿಯ ಕಿವಿಯಲ್ಲಿ. ಎರಡು ಶನಿವಾರ ಬೆಳಗ್ಗೆಯಿಂದ ಸಂಜೆಯ ತನಕ ಅವರು ಹೀಟರಿನ ಪಕ್ಕ ಕಣ್ಣು ಮುಚ್ಚಿ ಕೂತರು. ನಾನು ಒಂದು ಗೀರು ತಿಕ್ಕಿ ಊದುವುದು, ಅವರು "ಇನ್ನೂ ಸ್ವಲ್ಪ" ಎನ್ನುವುದು. ಮತ್ತೊಂದು ಗೀರು. "ಹಾಂ, ಇದೇ." ಪ್ರತಿ "ಇದೇ"ಗೂ ಅವರ ಮುಖ ಅರಳುತ್ತಿತ್ತು, ಅದೇ ಹೊತ್ತಿಗೆ ಭುಜ ಮೇಲೇರುತ್ತಿತ್ತು. ಎರಡೂ ಒಂದೇ ದನಿಗೆ. ಒಬ್ಬ ಅಪ್ಪ ಹೊಡೆದು ಹೊಡೆದು ಈ ಕಿವಿಗೆ ನಡುಕ ತುಂಬಿದ್ದ. ಇನ್ನೊಬ್ಬ ಅಪ್ಪ ಹೊಡೆದು ಕಲಿಸಿದ ಕಿವಿ ಅದನ್ನು ಅಳಿಸಿಹಾಕಿತ್ತು. ನನ್ನ ಅಪ್ಪನ ಬಗ್ಗೆ ಆವತ್ತಿನ ತನಕ ಯಾರೆದುರೂ ಕೆಟ್ಟ ಮಾತಾಡಿದವಳಲ್ಲ ನಾನು. ಅವರ ಅರವನ್ನೇ ಹಿಡಿದು ಕೂತಿದ್ದೆ, ಅಳು ಬಂತು, ಮೇಣದ ಹೊಗೆ ಎಂದೆ.

ಆಂಟಿ ಹೊರಟ ಮೇಲೆ ಎಡಗಡೆಯ ಮುಚ್ಚಳ ಬಿಚ್ಚಿದೆ. ಆ ಗುಂಡಿಗಳ ಕೆಳಗೆ ಒಂದೊಂದಕ್ಕೂ ಒಂದು ತೆಳು ಕಂಬ. ಕಂಬಕ್ಕೆ ಮೂರು ಲೋಹದ ಮುಳ್ಳು. ಗುಂಡಿ ಒತ್ತಿದಾಗ ಆ ಮುಳ್ಳುಗಳು ಮೂರು ಸರಳುಗಳನ್ನು ತಳ್ಳುತ್ತವೆ, ಮೂರು ಸ್ವರ ಏಳುತ್ತವೆ. ಕೆಂಪು ಕಲ್ಲಿನ ಕಂಬವನ್ನು ಹೊರಗೆಳೆದು ಹಿಡಿದೆ. ಗಿರಾಕಿಯ ವಾದ್ಯಕ್ಕೆ ಬೇಕೆಂದೇ ಕೇಡು ಮಾಡುವುದು ನಮ್ಮ ಕೆಲಸದಲ್ಲಿ ಕೊಲೆಗೆ ಸಮ. ನಮ್ಮಪ್ಪ ಹೊಡೆತವಿಲ್ಲದೆ ಕಲಿಸಿದ ಪಾಠ ಅದೊಂದೇ. ತುಂಬ ಹೊತ್ತು ಯೋಚಿಸಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಿಜ ಏನೆಂದರೆ, ಹುಬ್ಬಿನ ಹೊಲಿಗೆಯ ಗಾಯ ತುರಿಸುತ್ತಿತ್ತು, ಇಕ್ಕಳ ಕೈಗೆ ಸಿಕ್ಕಿತು. ಟಕ್, ಟಕ್, ಟಕ್. ಮುಳ್ಳಿಲ್ಲದ ಕಂಬವನ್ನು ಇದ್ದಲ್ಲೇ ಕೂರಿಸಿದೆ. ಗುಂಡಿ ಮೊದಲಿನಂತೆಯೇ ಒಳಗೆ ಹೋಗಿ ಮೇಲೆ ಬರುತ್ತಿತ್ತು. ಆಂಟಿಗೆ ಹೇಳಲಿಲ್ಲ. ಹೇಳಿದ್ದರೆ ಬೇಡ ಎನ್ನುತ್ತಿದ್ದರು.

ವಾದ್ಯವನ್ನು ಅವನಿಗೆ ಕೊಟ್ಟದ್ದು ಸನ್ಮಾನದ ದಿನ, ಲೈಬ್ರರಿಯಲ್ಲೇ. ಗಂಡ ನನ್ನ ಪಕ್ಕದಲ್ಲೇ ಕಾವಲಿನಂತೆ ನಿಂತಿದ್ದ. ಮುದುಕ ನಾಲ್ಕು ಸ್ವರ ನುಡಿಸಿ ಕೇಳಿ ತಲೆಯಾಡಿಸಿದ. ನನ್ನ ಹುಬ್ಬಿನ ಕಡೆ ನೋಡಲೂ ಇಲ್ಲ. ಮಡಚುವ ಕುರ್ಚಿಗಳ ಮೇಲೆ ಅರವತ್ತು ಎಪ್ಪತ್ತು ಜನ, ಹೆಚ್ಚಿನವರು ಚಿಕ್ಕಂದಿನಲ್ಲಿ ಅವನನ್ನು ಟೀವಿಯಲ್ಲಿ ನೋಡಿದ ಮುದುಕ ಮುದುಕಿಯರು. ತಿದಿ ತೆರೆದಾಗ ಆ ಅಲೆ ಎದ್ದಿತು ನೋಡಿ, ಮುಂದಿನ ಸಾಲಿನ ಅಜ್ಜಿಯೊಬ್ಬಳು ಬಾಯಿಗೆ ಕೈ ಹಚ್ಚಿ ಅತ್ತಳು. ಹೇಳಲೇಬೇಕು, ಅದ್ಭುತವಾಗಿ ನುಡಿಸಿದ. ಅಂಥ ಕೈಗೆ ಅಂಥ ಮನುಷ್ಯ ಯಾಕೆ ಅಂಟಿಕೊಂಡಿದ್ದ ಎಂದು ನನಗೆ ಹೊಟ್ಟೆ ಉರಿಯಿತು.

ಆಂಟಿ ನೀಲಿ ಮೈಸೂರು ರೇಷ್ಮೆ ಉಟ್ಟಿದ್ದರು. ಮೊದಲ ಚರಣ ಸರಾಗ. ಎರಡನೆಯದರ ನಡುವೆ, ದೀಪಗಳ ಸಾಲು ಬರುವಲ್ಲಿ ಮಾತು ಮರೆತರು.

ಅವನು ಮಗಳ ಕಡೆ ತಿರುಗಿದ. ನಕ್ಕ. ಎಡಗೈಯ ಬೆರಳು ಹೊರಸಾಲಿಗೆ ಹೋಯಿತು. ಆಂಟಿಯ ಭುಜ ಏರಿತು, ಕುತ್ತಿಗೆ ಒಳಗೆ ಹೋಯಿತು, ಕಣ್ಣು ಮುಚ್ಚಿದವು. ಫೋಟೋದ ಹುಡುಗಿಯೇ ನಿಂತಿದ್ದಳು.

ಒತ್ತಿದ. ಏನೂ ಬರಲಿಲ್ಲ. ಮತ್ತೆ ಒತ್ತಿದ, ಜೋರಾಗಿ. ಗುಂಡಿ ತಳ ಬಡಿದ ಸಣ್ಣ ಟಕ್ ಒಂದೇ. ಬಲಗೈ ಮಾತ್ರ ನುಡಿಸುತ್ತಲೇ ಇತ್ತು. ಶೋ ನಡುವೆ ನಿಲ್ಲಿಸುವುದು ಆ ಕೈಗೆ ಗೊತ್ತಿರಲಿಲ್ಲ.

ಆಂಟಿ ಕಾದರು. ತಾಳದ ಎರಡು ಆವರ್ತ ಖಾಲಿ ಹೋದವು. ಕಣ್ಣು ಬಿಟ್ಟು ಅವನ ಬೆರಳನ್ನು ನೋಡಿದರು. ಆ ಬೆರಳು ಕೆಂಪು ಕಲ್ಲಿನ ಮೇಲೆ ಕುಟ್ಟುತ್ತಿತ್ತು, ಕುಟ್ಟುತ್ತಲೇ ಇತ್ತು. ಆಂಟಿಯ ಭುಜ ನಿಧಾನ ಇಳಿಯಿತು. ಮರೆತ ಮಾತು ನೆನಪಾಗಲಿಲ್ಲ. ಆ ಜಾಗಕ್ಕೆ ಬಾಯಿಗೆ ಬಂದ ಕನ್ನಡ ಹಾಕಿದರು. "ಬಾರೋ ದೋಣಿ, ಬೇಗ ಬಾರೋ" ಎಂದು ರಾಗಕ್ಕೆ ಕೂರಿಸಿ ಹಾಡಿದರು. ಸಭೆಯಲ್ಲಿ ಅದು ಅರ್ಥವಾದದ್ದು ನಮ್ಮಿಬ್ಬರಿಗೆ. ಗಂಡ ನನ್ನ ಕೈ ಹಿಡಿದುಕೊಂಡ. ಆಮೇಲೆ ಮೂರನೆಯ ಚರಣ. ಆರನೆಯ ವಯಸ್ಸಿನಲ್ಲಿ ಹೊರಟ ಹುಡುಗಿ ಆವತ್ತು ಮನೆ ಮುಟ್ಟಿದಳು.

ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾಗ ಹತ್ತಿರ ಬಾ ಎಂದು ಮುದುಕ ನನಗೆ ಸನ್ನೆ ಮಾಡಿದ. ಬಗ್ಗಿದೆ. ಮುಖದಲ್ಲಿ ಟೀವಿಯ ನಗು ಹಾಗೇ ಇತ್ತು. ಪಟ್ಟಿಯ ಕೆಳಗಿಂದ ನನ್ನ ಮಣಿಕಟ್ಟು ಹಿಡಿದು ಮೂಳೆ ಕಟಕಟ ಎನ್ನುವಂತೆ ತಿರುವಿದ. ಆ ಗುಂಡಿ ಸರಿ ಮಾಡು, ಎಂದ. ಮುಳ್ಳುಗಳು ನನ್ನ ಪರ್ಸಿನಲ್ಲಿ, ಮಾತ್ರೆಯ ಚಿಕ್ಕ ಡಬ್ಬಿಯಲ್ಲಿದ್ದವು. ಆಗುವುದಿಲ್ಲ, ಎಂದೆ. ಅವನು ಇನ್ನೂ ತಿರುವಿದ.

ಆಂಟಿ ನಮ್ಮ ಹತ್ತಿರ ಬಂದರು. ಅವನ ಕೈ ನೋಡಿದರು, ನನ್ನ ಮುಖ ನೋಡಿದರು. ಅವರಿಗೆ ಎಲ್ಲ ತಿಳಿದುಹೋಯಿತು.

"ಬಿಡಪ್ಪ," ಎಂದರು. "ಸಾಕು. ಮುಗೀತು."

ಅವನಿಗೆ ಒಂದಕ್ಷರ ಕನ್ನಡ ಬರುವುದಿಲ್ಲ. ಆದರೂ ಕೈ ಬಿಟ್ಟ.